ಕೈಮರ ಕಾಯುವ ಬೆಂಚು

೧೯೭೮ರ ಜೂನ್‌ನಲ್ಲಿ ನನಗೆ ಹೆಡ್‌ಮಿಸ್ಟ್ರೆಸ್ ಆಗಿ ಬಡ್ತಿ ಬಂತು. ಅಲ್ಲಿಯವರೆಗೆ ಕಡೂರಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಂಡಿದ್ದವಳು. ಹಾಕಿದ್ದು ಅಜ್ಜಂಪುರದ ಹತ್ತಿರ, ರೈಲ್ವೆ ಲೈನಿನ ಪಕ್ಕದ ಒಂದು ಹಳ್ಳಿಯ ಹೈಸ್ಕೂಲಿಗೆ. ಊರಿನ ಹೆಸರು ಬೇಡ. ಆ ಜನ, ಅವರ ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ನಾನು ಹೇಳಹೊರಟಿರುವುದರಲ್ಲಿ ಅವರ ಬಗ್ಗೆ ಒಳ್ಳೆಯ ಮಾತು ಕಡಿಮೆ.

ಕಲ್ಲಿನ ಕಟ್ಟಡ, ಹಿಂದೆ ಒಂದು ಹೊಲ, ಹೊಲದಾಚೆ ರೈಲ್ವೆ ಸ್ಟೇಷನ್ನು. ನಾನು ಆ ಊರಲ್ಲೇ ಮನೆ ಮಾಡಿದೆ. ಮೇಷ್ಟ್ರುಗಳಲ್ಲಿ ಮಾತ್ರ ಒಬ್ಬರೂ ಅಲ್ಲಿರಲಿಲ್ಲ. ಎಲ್ಲರೂ ಕಡೂರು, ಬೀರೂರಿನಿಂದ ಬೆಳಗಿನ ರೈಲಿಗೆ ಬಂದಿಳಿದು, ಮಧ್ಯಾಹ್ನ ಮೂರೂವರೆಯ ಪ್ಯಾಸೆಂಜರಿಗೆ ವಾಪಸ್ಸು ಹೋಗುವವರು. ಅದು ತಪ್ಪಿದರೆ ಮುಂದಿನ ಗಾಡಿ ರಾತ್ರಿಗೆ. ಶಾಲೆ ಬಿಡುವ ಹೊತ್ತು ನಾಲ್ಕೂವರೆ. ಅಂದರೆ ಕೊನೆಯ ಒಂದು ಗಂಟೆಯ ಪಾಠ ಟೈಂಟೇಬಲ್ಲಿನಲ್ಲಿತ್ತು, ಶಾಲೆಯಲ್ಲಿರಲಿಲ್ಲ.

ನಾನು ಹೋದ ಮೊದಲ ವಾರವೇ ಒಂದು ಕೂಗು ಕೇಳಿತು. ಮಧ್ಯಾಹ್ನ ನನ್ನ ರೂಮಿನಲ್ಲಿ ಕೂತಿದ್ದೆ. ಹತ್ತನೇ ಕ್ಲಾಸಿನ ಕಡೆಯಿಂದ ಒಂದು ಹುಡುಗಿಯ ದನಿ: "ಕೈಮರ ಬಿತ್ತು ಸಾರ್!" ಕೈಮರ ಅಂದರೆ ರೈಲ್ವೆ ಸಿಗ್ನಲ್ ಕಂಬ. ಗಾಡಿ ಬರುವ ಮುಂಚೆ ಅದರ ಕೈ ಕೆಳಗೆ ಬೀಳುತ್ತಿತ್ತು. ಆ ಕೂಗು ಆದದ್ದೇ ತಡ, ಎಲ್ಲಾ ಕ್ಲಾಸುಗಳಿಂದಲೂ ಮೇಷ್ಟ್ರುಗಳು ಹೊರಬಿದ್ದರು. ಟಿಫನ್ ಕ್ಯಾರಿಯರ್ ಹಿಡಿದು ಹೊಲ ದಾಟಿ ಸಾಲಾಗಿ ಹೊರಟೇಬಿಟ್ಟರು. ನನ್ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಈ ಮೆರವಣಿಗೆಯ ಮುಂದಾಳು ಮರುಳಪ್ಪ ಮೇಷ್ಟ್ರು. ಗಣಿತದವರು, ಸರ್ವೀಸಿನಲ್ಲಿ ಎಲ್ಲರಿಗಿಂತ ಹಿರಿಯರು. ಟೆರಿಲಿನ್ ಷರಟು, ಕೈಗೆ ಚಿನ್ನದ ಬಣ್ಣದ ವಾಚು. ಕಡೂರಿನಲ್ಲಿ ಅವರ ಬಾಮೈದನದು ಕೊಬ್ಬರಿ ಮಂಡಿ. ಸಂಜೆಯಾದರೆ ಮರುಳಪ್ಪ ಆ ಮಂಡಿಯ ಗಾದಿಯ ಮೇಲೆ ಕೂತು ವ್ಯಾಪಾರ ನೋಡುತ್ತಿದ್ದರು. ಮೇಷ್ಟ್ರುಗಿರಿ ಅನ್ನುವುದು ಆ ಮಹಾನುಭಾವರಿಗೆ ಮಂಡಿ ತೆರೆಯುವವರೆಗೆ ಹೊತ್ತು ಕಳೆಯುವ ಉಪಾಯ.

ಕರೆದು ಕೇಳಿದೆ. ನಗುತ್ತಲೇ ಹೇಳಿದರು: "ಹಳೇ ಹೆಡ್‌ಮಾಸ್ಟರ್ ಕಾಲದಿಂದ್ಲೂ ಹಿಂಗೇ ನಡ್ಕೊಂಡ್ ಬಂದಿದೆ ಮೇಡಂ. ನೀವು ಹೊಸಬ್ರು. ನಿಧಾನಕ್ಕೆ ಗೊತ್ತಾಗುತ್ತೆ."

ಮೆಮೊ ಕೊಟ್ಟೆ. ಓದಿದರು, ಚೆಂದವಾಗಿ ಸಹಿ ಹಾಕಿದರು, ಕೈಮರ ಬಿದ್ದ ಕೂಡಲೇ ಹೋದರು. ನಾಚಿಕೆಗೆಟ್ಟವರಿಗೆ ಮೆಮೊ ಕೊಡುವುದೂ ಒಂದೇ, ಗೋಡೆಗೆ ಕೊಡುವುದೂ ಒಂದೇ ಅಂತ ಅವತ್ತು ಅರ್ಥವಾಯಿತು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಎಸ್ಸೆಸ್ಸೆಲ್ಸಿ ಅರ್ಜಿಗಳನ್ನು ಕಳಿಸುವ ಹೊತ್ತು ಬಂತು. ಆಗ ಅನೇಕ ಹೈಸ್ಕೂಲುಗಳಲ್ಲಿ ಒಂದು ಹೊಲಸು ಪದ್ಧತಿಯಿತ್ತು. ಫೇಲಾಗಬಹುದು ಅನ್ನಿಸಿದ ಮಕ್ಕಳ ಅರ್ಜಿಯನ್ನೇ ಕಳಿಸದೆ ತಡೆಹಿಡಿಯುವುದು. ಪಾಸಾಗುವವರನ್ನಷ್ಟೇ ಕೂರಿಸಿದರೆ ರಿಸಲ್ಟು ನೂರಕ್ಕೆ ನೂರು, ಮೇಷ್ಟ್ರುಗಳಿಗೆ ಹಾರ, ತುರಾಯಿ. ಮರುಳಪ್ಪ ನನ್ನ ಮೇಜಿನ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರು:

"ಆ ಓಂಕಾರಮ್ಮನ್ನ ಮಾತ್ರ ಈ ವರ್ಷ ಕೂರ್ಸೋದು ಬೇಡ. ಗಣಿತ ಅಂದ್ರೆ ಅವ್ಳಿಗೆ ಸೊನ್ನೆ. ಮೂರು ವರ್ಷದಿಂದ ನೋಡ್ತಿದೀನಿ, ತಲೇಲಿ ಏನೂ ಇಲ್ಲ."

ಓಂಕಾರಮ್ಮ ಆ ಊರಿನ ತೆಂಗಿನ ತೋಟದ ಸಿದ್ರಾಮಪ್ಪನ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಎಸ್ಸೆಸ್ಸೆಲ್ಸಿ ಪಾಸಾದರೆ ತರೀಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುವುದು ಅಂತ ಮನೆಯಲ್ಲಿ ಮಾತಾಗಿತ್ತು. ಅರ್ಜಿ ನಿಂತರೆ ಅವಳ ಓದು ಅಲ್ಲಿಗೇ ಮುಗಿದ ಹಾಗೆ. ಕನ್ನಡ, ಸಮಾಜ, ವಿಜ್ಞಾನದಲ್ಲಿ ಅವಳಿಗೆ ಒಳ್ಳೆಯ ಅಂಕವೇ ಬಂದಿತ್ತು. ಗಣಿತ ಒಂದರಲ್ಲೇ ಯಾಕೆ ಹೀಗೆ ಅಂತ ಅವಳನ್ನೇ ಕರೆಸಿ, ಎಂಟನೇ ಕ್ಲಾಸಿನ ಒಂದು ಸುಲಭದ ಲೆಕ್ಕ ಕೊಟ್ಟೆ. ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತಳು.

"ಮೇಷ್ಟ್ರು ಇದನ್ನ ಬೋರ್ಡ್ ಮೇಲೆ ಮಾಡಿ ತೋರಿಸಿಲ್ವಾ?"

"ತೋರ್ಸಿರ್ತಾರೆ ಮೇಡಂ. ನಾನು ಬೋರ್ಡ್ ನೋಡ್ತಿರ್ಲಿಲ್ಲ."

"ಮತ್ತೇನು ನೋಡ್ತಿದ್ದೆ?"

"ಕೈಮರ. ಕಿಟಕಿ ಬೆಂಚಲ್ಲಿ ಕೂತು ಕೈಮರ ನೋಡೋದು ನಂದೇ ಡ್ಯೂಟಿ. ಎಂಟನೇ ಕ್ಲಾಸಿಂದ್ಲೂ. ನಿನ್ ಕಣ್ಣು ಚೆನ್ನಾಗೈತೆ, ಗಲಾಟೆ ಮಾಡಲ್ಲ, ನೀನೇ ಕೂತ್ಕೋ ಅಂದ್ರು ಸಾರು."

ಅವಳೇ ಮುಂದುವರಿಸಿದಳು.

"ಒಂದ್ಸಲ ಬೋರ್ಡ್ ನೋಡ್ತಾ ಇದ್ದೆ, ಕೈಮರ ಬಿದ್ದಿದ್ದು ಗೊತ್ತಾಗ್ಲಿಲ್ಲ. ಸಾರ್‌ಗೆ ರೈಲು ತಪ್ತು. ಮಾರ್ನೇ ದಿನ ಇಡೀ ಹೊತ್ತು ಬೆಂಚ್ ಮೇಲೆ ನಿಲ್ಸಿದ್ರು. ಆಮೇಲೆ ನೋಡ್ಲಿಲ್ಲ."

ಮರುಳಪ್ಪನ ಪಾಠ ಮೂರು ವರ್ಷವೂ ಆ ಮಕ್ಕಳಿಗೆ ಮಧ್ಯಾಹ್ನವೇ. ಪ್ಯಾಸೆಂಜರು ಸಾಮಾನ್ಯವಾಗಿ ತಡ. ಗಡಿಯಾರ ನೋಡಿ ಹೊರಟರೆ ಸ್ಟೇಷನ್ನಿನ ಬೆಂಚಿನ ಮೇಲೆ ಊರವರ ಕಣ್ಣೆದುರು ಕಾಯಬೇಕು. ಅದು ಮರ್ಯಾದೆಗೆ ಕಡಿಮೆ! ಕ್ಲಾಸಿನ ಕುರ್ಚಿಯಲ್ಲಿ ತೂಕಡಿಸುತ್ತಾ ಕಾದರೆ ಸಂಬಳವೂ ಉಂಟು, ನೆರಳೂ ಉಂಟು. ಅದಕ್ಕೆ ಒಂದು ಹುಡುಗಿಯ ಕಣ್ಣು. ಆ ಹುಡುಗಿಗೆ ಗಣಿತ ಬಾರದಂತೆ ಮಾಡಿದವನೇ ಈಗ ಬಂದು, ಅವಳಿಗೆ ಗಣಿತ ಬರುವುದಿಲ್ಲ, ಕೂರಿಸಬೇಡಿ ಅನ್ನುತ್ತಾನೆ. ಥೂ! ನನ್ನ ಸರ್ವೀಸಿನಲ್ಲಿ ಕಳ್ಳರನ್ನು, ಕುಡುಕರನ್ನು, ಮಕ್ಕಳಿಗೆ ದನಕ್ಕೆ ಬಡಿದ ಹಾಗೆ ಬಡಿಯುವವರನ್ನು ನೋಡಿದ್ದೇನೆ. ಇಷ್ಟು ಅಗ್ಗದ ಮನುಷ್ಯನನ್ನು ಇನ್ನೊಬ್ಬನನ್ನು ನೋಡಲಿಲ್ಲ.

ಮಾರನೆಯ ದಿನ ಓಂಕಾರಮ್ಮನನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದೆ. ಜವಾನನಿಗೆ ಹೇಳಿ ಎಲ್ಲಾ ಕ್ಲಾಸುಗಳಲ್ಲೂ ಕೈಮರದ ಕಡೆಯ ಕಿಟಕಿಗಳ ಬಾಗಿಲು ಹಾಕಿಸಿದೆ. ಮರುಳಪ್ಪ, ಗಾಡಿ ಎಂದಿನಂತೆ ತಡ ಅಂದುಕೊಂಡು ಕುರ್ಚಿಯಲ್ಲಿ ಕೂತರು. ಅವತ್ತು ಅದು ಸರಿಯಾದ ಹೊತ್ತಿಗೆ ಬಂತು. ಕೂಗು ಬರಲಿಲ್ಲ, ರೈಲು ಮಾತ್ರ ಬಂದು ಹೋಯಿತು. ಎಲ್ಲಾ ಮೇಷ್ಟ್ರುಗಳೂ ಆ ಒಂದು ಕೂಗನ್ನೇ ನೆಚ್ಚಿಕೊಂಡಿದ್ದರಿಂದ ಎಲ್ಲರೂ ರಾತ್ರಿಯ ಗಾಡಿಯವರೆಗೆ ಊರಲ್ಲೇ ಉಳಿದರು. ಬಾಲ ಸುಟ್ಟ ಬೆಕ್ಕಿನ ಹಾಗೆ ವರಾಂಡದಲ್ಲಿ ಶತಪಥ ಹಾಕುವುದನ್ನು ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಊರಿನ ಹಿರಿಯರು ದಂಡು ಕಟ್ಟಿಕೊಂಡು ಬಂದರು. ಸದ್ಯ, ಇವರಾದರೂ ತಮ್ಮ ಮಕ್ಕಳ ಪಾಠದ ಬಗ್ಗೆ ಕೇಳಲು ಬಂದರಲ್ಲ ಅಂದುಕೊಂಡೆ. ಪಂಚಾಯ್ತಿ ಚೇರ್ಮನ್ನರು ಮಾತು ತೆಗೆದರು.

"ಮೇಡಮ್ಮೋರೆ, ಮೇಷ್ಟ್ರ ಮನ್ಸು ನೋಯ್ಸಿದೀರಂತೆ. ಅವ್ರು ದಿನಾ ಕಡೂರಿಂದ ಬಂದು ಕೊಬ್ರಿ ರೇಟು ಹೇಳ್ತಾರೆ. ನಾವು ಅದ್ನ ನೋಡ್ಕೊಂಡು ಮಾಲು ಕಳಿಸ್ತೀವಿ. ಬೇಜಾರಾಗಿ ವರ್ಗ ತಗಂಡ್ರೆ ನಮ್ ಗತಿ ಏನು? ನೀವು ಹೆಂಗಸ್ರು, ಸ್ವಲ್ಪ ಹೊಂದ್ಕೊಂಡ್ ಹೋಗಿ."

ಆಗ ಅರ್ಥವಾಯಿತು. ಬೆಳಿಗ್ಗೆ ರೈಲಿಳಿದ ಕೂಡಲೇ ಮರುಳಪ್ಪನ ಸುತ್ತ ಜನ ಸೇರುತ್ತಿದ್ದುದು ಗುರುಭಕ್ತಿಯಿಂದ ಅಂತ ನಾನು ತಿಳಿದಿದ್ದೆ. ಮಂಡಿಯ ರೇಟು ಸಿಕ್ಕರೆ ಸಾಕು, ಮಕ್ಕಳ ಪಾಠ ಯಾವ ಹೊಳೆಗೆ ಹೋದರೂ ಸರಿ! ಇವರೆಲ್ಲ ಪಂಚೆಯ ಇಸ್ತ್ರಿ ಕೆಡದ ಹಾಗೆ ಕೂತಿದ್ದ ಗೌರವಸ್ಥರು. ಆ ಗೌರವಸ್ಥರ ನಡುವೆ ಓಂಕಾರಮ್ಮನ ಅಪ್ಪ ಸಿದ್ರಾಮಪ್ಪನೂ ಇದ್ದ.

"ರೇಟು ಬೇಕಾದ್ರೆ ಮಂಡಿಗೆ ಹೋಗಿ. ಇದು ಸ್ಕೂಲು," ಅಂದೆ. ಆಮೇಲೆ ಸಿದ್ರಾಮಪ್ಪನ ಕಡೆ ತಿರುಗಿದೆ. "ನಿಮ್ಮ ಮಗಳನ್ನ ಪರೀಕ್ಷೆಗೆ ಕೂರಿಸಬೇಡಿ ಅಂತ ಇದೇ ಮೇಷ್ಟ್ರು ಹೇಳ್ತಿದಾರೆ. ನಿಮಗೆ ಗೊತ್ತಾ?"

"ಹೇಳಿದ್ರು. ಅವ್ಳ್ ತಲೆಗೆ ಹತ್ತಲ್ಲ ಅಂದ್ರು. ಹೋಗ್ಲಿ ಬಿಡಿ ಸಾ ಅಂದೆ."

ಮರುಳಪ್ಪನನ್ನೂ ಓಂಕಾರಮ್ಮನನ್ನೂ ಕರೆಸಿದೆ. ನನಗೆ ಹೇಳಿದ್ದನ್ನೇ ಅಪ್ಪನ ಮುಂದೆ, ಮರುಳಪ್ಪನ ಮುಂದೆ, ಅಷ್ಟೂ ಜನರ ಮುಂದೆ ಹೇಳು ಅಂದೆ. ಹೇಳಿದಳು. ಕೈಮರ, ಕಿಟಕಿ, ಬೆಂಚಿನ ಮೇಲೆ ನಿಂತದ್ದು, ಎಲ್ಲಾ. ಮರುಳಪ್ಪ ವಾಚು ನೋಡಿಕೊಂಡರು. ಚೇರ್ಮನ್ನರು ಛಾವಣಿ ನೋಡಿದರು. ಅಪ್ಪನಾದವನು ಈಗಲಾದರೂ ಎದ್ದು ನಿಂತು ನಾಲ್ಕು ಮಾತು ಕೇಳುತ್ತಾನೆ ಅಂತ ಕಾದೆ.

ಸಿದ್ರಾಮಪ್ಪ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡ. "ಮೇಷ್ಟ್ರು ಏನೋ ಅವ್ರ ಅನುಕೂಲಕ್ಕೆ ಹೇಳಿರ್ತಾರೆ. ಅದಕ್ಕೇನೀಗ?"

ನನ್ನ ಮೈಯೆಲ್ಲಾ ಉರಿದುಹೋಯಿತು. ನಾನು ಬಾಯಿ ತೆರೆಯುವ ಮುಂಚೆ ಓಂಕಾರಮ್ಮನೇ ಮಾತಾಡಿದಳು.

"ಅಪ್ಪಾ, ನಾನು ಪರೀಕ್ಷೆ ಬರೀತೀನಿ. ಬೇಡ ಅಂದ್ರೆ ಇನ್ಮೇಲೆ ಕೊಬ್ರಿ ಒಡೆಯಕ್ಕೆ ನನ್ನ ಕರೀಬೇಡ. ಮೇಷ್ಟ್ರನ್ನೇ ಕರ್ಕೊಂಡ್ ಹೋಗಿ ಕೂರಿಸ್ಕೋ."

ಹಿಂದೆ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ನಾಲ್ಕು ಜನರ ಮುಂದೆ ನಗೆಪಾಟಲಾಯಿತಲ್ಲ ಅಂತ ಸಿದ್ರಾಮಪ್ಪನ ಮುಖ ಕೆಂಪಾಯಿತು. ಮಗಳಿಗೆ ಆದ ಅನ್ಯಾಯಕ್ಕೆ ಕೆಂಪಾಗದ ಮುಖ! "ಬರ್ಕೊಳ್ಳಿ ಹೋಗತ್ಲಾಗೆ. ಒಂದೇ ಸಲ ಮತ್ತೆ. ಫೇಲಾದ್ರೆ ಅಲ್ಲಿಗ್ ಮುಗೀತು," ಅಂದು ಎದ್ದ.

ಅರ್ಜಿಯನ್ನು ಅವತ್ತೇ ಕಳಿಸಿದೆ. ಅಲ್ಲಿಂದ ಮುಂದೆ ಮೇಷ್ಟ್ರುಗಳು ಗಡಿಯಾರ ನೋಡಿ ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದರು. ಅವರು ಬಿಟ್ಟುಹೋದ ಆ ಕೊನೆಯ ಗಂಟೆಯಲ್ಲಿ ನಾನೇ ಹತ್ತನೇ ಕ್ಲಾಸಿಗೆ ಗಣಿತ ತೆಗೆದುಕೊಂಡೆ. ಎಂಟನೇ ಕ್ಲಾಸಿನ ಲೆಕ್ಕದಿಂದ ಶುರು. ಓಂಕಾರಮ್ಮ ದಡ್ಡಿಯಲ್ಲ. ಒಂದು ಸಲ ಹೇಳಿದರೆ ಹಿಡಿಯುತ್ತಿದ್ದಳು, ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಆದರೆ ಮೂರೂವರೆ ದಾಟಿದರೆ ಅವಳ ಕತ್ತು ತಾನಾಗಿ ಮುಚ್ಚಿದ ಕಿಟಕಿಯ ಕಡೆ ತಿರುಗುತ್ತಿತ್ತು. ತಿರುಗಿದ್ದು ಗೊತ್ತಾದ ಮೇಲೆ ನಾಚಿಕೊಂಡು ಮತ್ತೆ ಬೋರ್ಡು ನೋಡುತ್ತಿದ್ದಳು.

ಪರೀಕ್ಷೆ ಅಜ್ಜಂಪುರದಲ್ಲಿ. ರಿಸಲ್ಟು ಬಂದಾಗ ಓಂಕಾರಮ್ಮ ಪಾಸು, ಗಣಿತದಲ್ಲಿ ನಲವತ್ತೊಂದು. ಪಾಸಾಗುವುದು ಖಂಡಿತ ಅಂತ ಮರುಳಪ್ಪ ಎದೆ ತಟ್ಟಿ ಹೇಳಿದ್ದ ಚೇರ್ಮನ್ನರ ಮಗ ಗಣಿತದಲ್ಲೇ ಫೇಲಾದ. ನನ್ನ ಕ್ಲಾಸಿಗೆ ಅವನು ಒಂದು ದಿನವೂ ನಿಂತವನಲ್ಲ. ಆದರೂ ರಿಸಲ್ಟು ಹಾಳಾದದ್ದು ನನ್ನ ಹಟದಿಂದ ಅಂತ ಊರಲ್ಲಿ ತೀರ್ಮಾನವಾಯಿತು. ಆಗಸ್ಟ್‌ನಲ್ಲಿ ನನಗೆ ಪಂಚನಹಳ್ಳಿ ಕಡೆಗೆ ವರ್ಗವಾಯಿತು. ಚಾರ್ಜು ಮರುಳಪ್ಪನವರಿಗೆ. ಬೀಳ್ಕೊಡುಗೆ ಸಭೆಯಲ್ಲಿ ನನ್ನ ಕರ್ತವ್ಯನಿಷ್ಠೆಯ ಬಗ್ಗೆ ಅವರೇ ಉದ್ದಕ್ಕೆ ಮಾತಾಡಿದರು, ಹಾರವನ್ನೂ ಅವರೇ ಹಾಕಿದರು. ಹಾರ ತೆಗೆದು ಮೇಜಿನ ಮೇಲಿಟ್ಟು ಬಂದೆ.

ಟ್ರಂಕು ತೆಗೆದುಕೊಂಡು ಅದೇ ಮೂರೂವರೆಯ ಪ್ಯಾಸೆಂಜರಿಗೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ಮೇಲೆ ಓಂಕಾರಮ್ಮ ನಿಂತಿದ್ದಳು. ಕಾಲೇಜು ಸೇರಿ ಆಗಲೇ ತಿಂಗಳ ಮೇಲಾಗಿತ್ತು. ನಾನು ಹೊರಡುವ ಸುದ್ದಿ ಕೇಳಿ ತರೀಕೆರೆಯಿಂದ ಬಂದಿದ್ದಳು. ಕಾಲೇಜಿನ ಬಗ್ಗೆ ಏನೋ ಹೇಳುತ್ತಿದ್ದವಳು ತಟ್ಟನೆ ಮಾತು ನಿಲ್ಲಿಸಿ ಹೊಲದಾಚೆಯ ಶಾಲೆಯನ್ನು ನೋಡಿದಳು.

ನಾನು ಮುಚ್ಚಿಸಿದ್ದ ಕಿಟಕಿ ತೆರೆದಿತ್ತು. ನಾನು ಬಾಗಿಲು ದಾಟಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಕಿಟಕಿಯಲ್ಲಿ ಒಂದು ಚಿಕ್ಕ ಮುಖ, ಕೈಮರದ ಕಡೆಗೇ ನೋಡುತ್ತಿತ್ತು.

"ಮೇಡಂ, ಅದು ನಮ್ ತಮ್ಮ. ಈ ವರ್ಷ ಎಂಟನೇ ಕ್ಲಾಸಿಗೆ ಸೇರಿದಾನೆ."

ಮಗಳ ಕಥೆಯನ್ನು ಕಿವಿಯಾರೆ ಕೇಳಿದ ಮೇಲೂ ಸಿದ್ರಾಮಪ್ಪ ಮಗನನ್ನು ಅದೇ ಮೇಷ್ಟ್ರ ಕೈಗೆ ಕೊಟ್ಟು, ಬೆಳಿಗ್ಗೆ ಬಂದು ಕೊಬ್ಬರಿ ರೇಟು ಕೇಳಿಕೊಂಡು ಹೋಗುತ್ತಿದ್ದ. ಅವನಿಗೆ ಏನು ಅನ್ನಬೇಕು? ಅನ್ನಲು ಸರಿಯಾದ ಬೈಗುಳ ನನಗೆ ಈವತ್ತಿಗೂ ಸಿಕ್ಕಿಲ್ಲ.

"ನಾನ್ ಬತ್ತೀನಿ ಮೇಡಂ," ಅಂದಳು ಓಂಕಾರಮ್ಮ. "ಅವ್ನನ್ನ ಅಲ್ಲಿಂದ ಎಬ್ಬಿಸ್ಬೇಕು." ರೈಲು ಬರುವವರೆಗೂ ನಿಲ್ಲಲಿಲ್ಲ. ದಾವಣಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದಳು.

ಅವಳು ಶಾಲೆಯ ಜಗಲಿ ಹತ್ತುವುದು ಕಾಣಿಸಿತು. ಮೇಷ್ಟ್ರು ಕುರ್ಚಿಯಲ್ಲಿ ತೂಕಡಿಸುತ್ತಿದ್ದಿರಬೇಕು, ಯಾರೂ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿದ್ದ ಮುಖ ಮಾಯವಾಯಿತು. ಒಂದು ಕೈ ಬಂದು ಕಿಟಕಿಯ ಬಾಗಿಲನ್ನು ಎಳೆದುಕೊಂಡಿತು. ಅದಾದ ಮೇಲೆ ಕೈಮರ ಬಿತ್ತು.

ಗಾಡಿ ಬಂತು. ಟ್ರಂಕು ಒಳಗಿಟ್ಟು ಕಿಟಕಿಯ ಪಕ್ಕ ಕೂತೆ. ಗಾರ್ಡು ಹಸಿರು ಬಾವುಟ ಬೀಸಿ ಗಾಡಿ ಅಲುಗಿದಾಗ, ಹೊಲದಲ್ಲಿ ಟಿಫನ್ ಕ್ಯಾರಿಯರುಗಳ ಸದ್ದು ಕೇಳಿಸಿತು. ಎಲ್ಲರಿಗಿಂತ ಮುಂದೆ ಹೊಸ ಹೆಡ್‌ಮಾಸ್ಟರು ಮರುಳಪ್ಪನವರು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಪ್ಲಾಟ್‌ಫಾರಂ ಹತ್ತುವಷ್ಟರಲ್ಲಿ ಗಾಡಿ ಅವರನ್ನು ದಾಟಿತು. ನಾನು ಕತ್ತು ಹೊರಗೆ ಹಾಕಿ ಕಣ್ತುಂಬ ನೋಡಿದೆ.

ನಿವೃತ್ತಿಯಾಗುವವರೆಗೆ ಆಮೇಲೆ ಅನೇಕ ಶಾಲೆಗಳಿಗೆ ಹೋದೆ. ಮೆಮೊ ಬರೆಯುವುದನ್ನು ಅವತ್ತೇ ಬಿಟ್ಟೆ. ಹೊಸ ಶಾಲೆಗೆ ಹೋದ ಮೊದಲ ಮಧ್ಯಾಹ್ನ, ಪಾಠ ನಡೆಯುವಾಗಲೇ ಒಳಗೆ ಹೋಗಿ ಕಿಟಕಿಯ ಪಕ್ಕದ ಮಗುವಿನ ಹತ್ತಿರ ನಿಂತು, "ಏನು ನೋಡ್ತಾ ಇದೀಯಪ್ಪಾ?" ಅಂತ ಕೇಳುತ್ತಿದ್ದೆ. ಬೋರ್ಡು ಮೇಡಂ ಅಂದರೆ ಸರಿ. ಬೇರೆ ಏನಾದರೂ ಅಂದರೆ, ಅವತ್ತೇ ಮೇಷ್ಟ್ರ ಕುರ್ಚಿ ಹೊರಗೆ ಹಾಕಿಸುತ್ತಿದ್ದೆ.