ತುರ್ಕಿ ತಾತನ ಎಲೆ

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಮೊನ್ನೆ ಒಂದು ಟರ್ಕಿ ಟವಲ್ ಕೊಂಡೆ. ಹೊಸ ಟವಲ್ಲಿಗೊಂದು ವಾಸನೆ ಇರುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನನಗೆ ಪಿತೃಪಕ್ಷ ನೆನಪಾಗುತ್ತದೆ. ನಗಬೇಡಿ. ಕುಣಿಗಲ್ಲಿನ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಎಲೆಯ ತುಂಬ ಅವರಿಗೆ ಇಷ್ಟವಾದ ಅಡುಗೆ, ಪಕ್ಕದಲ್ಲಿ ಹೊಸ ಪಂಚೆ, ಸೀರೆ. ನಮ್ಮಲ್ಲಿ ಆ ಎಲೆಯ ಪಕ್ಕ ಇನ್ನೊಂದು ಎಲೆಯೂ ಬೀಳುತ್ತಿತ್ತು. ಅದಕ್ಕೆ ಮಾತ್ರ ಟರ್ಕಿ ಟವಲ್. ಯಾಕೆಂದರೆ ಆ ಎಲೆಯವನು, ನಾವು ಮಕ್ಕಳು ತುರ್ಕಿ ತಾತ ಎನ್ನುತ್ತಿದ್ದವನು, ಟರ್ಕಿ ದೇಶದವನು, ಅವನ ದೇಶದ ಬಟ್ಟೆ ಅವನಿಗೆ ಸಲ್ಲಬೇಕು ಎನ್ನುವುದು ನಮ್ಮಜ್ಜಿಯ ನ್ಯಾಯ. ಆ ಟವಲ್ ನಮ್ಮ ದೇಶದಲ್ಲೇ ನೇಯ್ದದ್ದು ಎಂದು ಅವಳಿಗೆ ಹೇಳುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ.

ಇದಕ್ಕೆಲ್ಲ ಮೂಲಪುರುಷ ಅಜ್ಜಿಯ ಮಾವ, ಅಂದರೆ ನನ್ನ ಮುತ್ತಾತ. ಮನೆಯಲ್ಲಿ ಅವನಿಗೆ ಕುದುರೆ ತಾತ ಎಂದೇ ಹೆಸರು. ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಮಹಾರಾಜರ ಕುದುರೆ ದಂಡಿನೊಂದಿಗೆ ಹಡಗು ಹತ್ತಿ ಹೈಫಾ ಎಂಬ ಕಡಲೂರಿಗೆ ಹೋದವನು. ಎದುರಿಗೆ ಗುಡ್ಡದ ಮೇಲೆ ಟರ್ಕಿಯವರ ಮೆಷಿನ್ ಗನ್ನು, ಇವರ ಕೈಯಲ್ಲಿ ಭರ್ಜಿ. ಆದರೂ ಹತ್ತಿದರು, ಗೆದ್ದರು! ಇದನ್ನು ಹೇಳುವಾಗ ನನ್ನ ಎದೆ ಈಗಲೂ ಉಬ್ಬುತ್ತದೆ. ನಾನಾದರೋ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಹಾಕಿದ ಜಟಕಾ ಕುದುರೆ ಕಂಡರೂ ನಾಲ್ಕು ಮಾರು ದೂರ ಹೋಗುವವನು. ಈ ವಿಷಯ ಗುಬ್ಬಿಯ ನನ್ನ ಹೆಂಡತಿಗೆ ಮದುವೆಯ ತಿಂಗಳಲ್ಲೇ ತಿಳಿದುಹೋಯಿತು.

ಗೆದ್ದ ಮೇಲಿನದೇ ಮುಖ್ಯ ಕಥೆ. ಬಂಡೆಯ ಮರೆಯಲ್ಲಿ ಗಾಯಗೊಂಡ ಟರ್ಕಿಯ ಸಿಪಾಯಿಯೊಬ್ಬ ಒರಗಿದ್ದನಂತೆ. ತಾತನನ್ನು ಕಂಡವನೇ "ಸು, ಸು" ಎಂದನಂತೆ. ನಮ್ಮಲ್ಲಿ ಹಾಗೆನ್ನುವುದು ಎಳೆಮಕ್ಕಳು, ಅದೂ ಒಂದಕ್ಕೆ ಹೋಗಬೇಕಾದಾಗ. ಪಾಪ, ಅವಸರ ಆಗಿದೆ ಎಂದುಕೊಂಡು ತಾತ ಅವನನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಒಂದು ಪೊದೆಯ ಬಳಿ ನಿಲ್ಲಿಸಿ, ತಾನು ಮರ್ಯಾದೆಯಿಂದ ಆ ಕಡೆ ತಿರುಗಿ ನಿಂತನಂತೆ. ಅವನು ಮತ್ತೆ "ಸು" ಎಂದು ತಾತನ ನೀರಿನ ಬುಡ್ಡಿ ಮುಟ್ಟಿದಾಗಲೇ ಅರ್ಥವಾದದ್ದು. ಅವರ ಮಾತಿನಲ್ಲಿ ಸು ಅಂದರೆ ನೀರು. ತಾತ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದ. ಎರಡು ಗುಟುಕು ಒಳಗೆ ಹೋಯಿತು, ಮೂರನೆಯದು ಕಟವಾಯಿಯಲ್ಲಿ ಇಳಿಯಿತು.

ಸಾಯುವವನ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಮಗನ ಕೆಲಸ. ತಾತ ಊರಿಗೆ ಬಂದವನು ಆ ವರ್ಷದಿಂದಲೇ ಅವನಿಗೊಂದು ಎಲೆ ಹಾಕತೊಡಗಿದ. ತಾತ ಹೋದ ಮೇಲೆ ಸೊಸೆಯಾದ ನಮ್ಮಜ್ಜಿ ಅದನ್ನು ಕೈಗೆತ್ತಿಕೊಂಡಳು. ಅಮಾವಾಸ್ಯೆಯ ಮಟನ್ನನ್ನು ಸಾಬರ ಅಂಗಡಿಯಿಂದಲೇ ತರಬೇಕೆಂಬ ಕಟ್ಟಳೆ ಅವಳ ಸ್ವಂತದ್ದು. ಮನೆಗೆ ಬರುವ ನೆಂಟ ಸಂಕೋಚವಿಲ್ಲದೆ ಉಣ್ಣಬೇಕಲ್ಲ.

ಒಂದೇ ಯುದ್ಧವನ್ನು ಯಾರು ಯಾರು ಹೇಗೆ ನೆನೆಯುತ್ತಾರೆ ನೋಡಿ. ಇಂಗ್ಲಿಷರು ಸತ್ತವರಿಗೆ ಸಾಲುಗಲ್ಲು ನೆಟ್ಟು, ಹೆಸರು ಕೆತ್ತಿ, ಹುಲ್ಲು ಕತ್ತರಿಸಿ ಒಪ್ಪವಾಗಿ ಇಟ್ಟಿದ್ದಾರೆ. ಹೈಫಾದಲ್ಲಿ ವರ್ಷಕ್ಕೊಮ್ಮೆ ನಮ್ಮ ಸವಾರರಿಗೆ ಹೂವಿಡುತ್ತಾರಂತೆ. ದೆಹಲಿಯಲ್ಲಿ ಮೂರು ಕಂಚಿನ ಸಿಪಾಯಿಗಳು ನಿಂತಿದ್ದಾರೆ, ಸುತ್ತ ಕಾರು ಓಡುತ್ತವೆ. ಟರ್ಕಿಯವರು ತಮ್ಮ ಮೇಲೆ ದಂಡೆತ್ತಿ ಬಂದು ಸತ್ತವರನ್ನೂ ಇನ್ನು ನಮ್ಮ ಮಕ್ಕಳೇ ಎಂದು ಕಡಲ ದಂಡೆಯಲ್ಲಿ ಕಲ್ಲು ಕೆತ್ತಿಸಿದ್ದಾರೆಂದು ನಾನು ಎಲ್ಲೋ ಓದಿ ಅಜ್ಜಿಗೆ ಹೇಳಿದ್ದೆ. ಅಜ್ಜಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಒಳ್ಳೆ ಜನ, ಮತ್ತೆ ಸುಮ್ಮನೆ ಎಲೆ ಹಾಕುತ್ತಿದ್ದೇವಾ ಎಂದು ಅವರೆಕಾಳು ಹಿಸುಕುವುದನ್ನು ಮುಂದುವರಿಸಿದಳು.

ಆ ಎಲೆಗೆ ಕುತ್ತು ಬಂದದ್ದು ಮನೆಯೊಳಗಿನಿಂದಲೇ. ನನ್ನ ಚಿಕ್ಕಪ್ಪ, ಅಜ್ಜಿಯ ಕಿರಿಮಗ, ಮಿಲಿಟರಿಯಲ್ಲಿದ್ದವರು. ಗಡಿಯ ಹಿಮದಲ್ಲಿ ಹೋರಾಡಿ, ಜೊತೆಗಾರರನ್ನು ಕಳೆದುಕೊಂಡು, ನಿವೃತ್ತರಾಗಿ ಮನೆಗೆ ಬಂದ ವರ್ಷ ಎಡೆಯ ಮುಂದೆ ನಿಂತು ಆ ಎಲೆಯನ್ನು ಎತ್ತಿಡಲು ಹೇಳಿದರು. ಶತ್ರುವಿಗೆ ಅನ್ನ ಇಡುವ ಮನೆಯಲ್ಲಿ ತಾನು ಉಣ್ಣುವುದಿಲ್ಲ ಎಂದರು. ಅಜ್ಜಿ ಸೌಟು ಕೆಳಗಿಟ್ಟಳು.

"ಏನ್ಲಾ, ಗುಡ್ಡದ್ ಮೇಲೆ ಅವರೋನೊಬ್ಬನ್ನ ಮಣ್ ಮಾಡ್ದೆ ಅಂತ ನೀನೇ ಹೇಳಿದ್ಯಲ್ಲ. ಮಣ್ ಹಾಕ್ದೋನು ನೆಂಟ ಅಲ್ವೇನ್ಲಾ?"

ಅದು ನಿಜ. ಎದುರಾಳಿಗಳು ಬಿಟ್ಟುಹೋದ ಒಂದು ಹೆಣವನ್ನು ಇವರೇ ಹೂತು, ಪ್ರಾರ್ಥನೆ ಹೇಳಿಸಿ, ಸೆಲ್ಯೂಟ್ ಹೊಡೆದಿದ್ದರು. ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಕೆರೆ ಏರಿಯ ಕಡೆ ಹೋದರು. ಎಡೆ ಇಟ್ಟ ಎಲೆಯನ್ನು ಮನೆಯವರೇ ಯಾರಾದರೂ ಕೂತು ಉಣ್ಣಬೇಕು, ಅದನ್ನು ಚೆಲ್ಲುವಂತಿಲ್ಲ. ಅವತ್ತು ಅಜ್ಜಿಯೇ ಕೂತಳು. ಮುಂದೆ ಪ್ರತಿ ವರ್ಷವೂ ಅದೇ. ಅವಳು ಆ ಎಲೆ ಮುಗಿಸುವವರೆಗೂ ಚಿಕ್ಕಪ್ಪ ಏರಿಯ ಮೇಲೆ. ತಾಯಿ ಮಗ ಇಬ್ಬರೂ ಸೋಲಲಿಲ್ಲ.

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಮನೆ ಈಗ ಚಿಕ್ಕಪ್ಪನದು, ಎಡೆಯೂ ಅವರದೇ. ಟವಲ್ ಕೊಂಡೆನಲ್ಲ, ಕೊಂಡ ಮೇಲೆ ಇದನ್ನು ಇಡುವುದಾದರೂ ಎಲ್ಲಿ ಎಂಬ ಚಿಂತೆ ಹತ್ತಿತು. ಅವರು ಬೇಡವೆಂದರೆ ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. ಜಗಳ ಆಡುತ್ತೇನೆ ಎಂದೆ. ಅವಳು ನಕ್ಕಳು. ಜಗಳದಲ್ಲಿ ನನ್ನ ಪರಾಕ್ರಮ ಅವಳು ಕಂಡದ್ದೇ. ಆದರೂ ಕುಣಿಗಲ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ. ಆ ಎಲೆ ತಪ್ಪಿದರೆ ತಾತನೂ ಅಜ್ಜಿಯೂ ಇನ್ನೊಮ್ಮೆ ಸತ್ತ ಹಾಗೆ ಅನ್ನಿಸುತ್ತಿತ್ತು.

ಬಾಗಿಲಲ್ಲಿ ಕಾಲಿಟ್ಟೆ. ಚಿಕ್ಕಪ್ಪ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ತಾವೇ ಬಡಿಸುತ್ತಿದ್ದರು. ಅಜ್ಜಿಯ ಹೊಸ ಫೋಟೋದ ಮುಂದೆ ಹಿರಿಯರ ಎಲೆ. ಅದರ ಪಕ್ಕ ತುರ್ಕಿ ತಾತನ ಎಲೆ, ಮಟನ್ ಸಾರಿನ ಸಮೇತ! ಚೀಲದಿಂದ ಟವಲ್ ತೆಗೆದು ಆ ಎಲೆಯ ಪಕ್ಕ ಇಟ್ಟೆ. ಗೆದ್ದಳು, ನಮ್ಮಜ್ಜಿ ಗೆದ್ದೇಬಿಟ್ಟಳು ಎಂದು ಕೂಗಬೇಕೆನ್ನಿಸಿತು. ಆಮೇಲೆ ನೋಡುತ್ತೇನೆ, ಅದರ ಪಕ್ಕದಲ್ಲಿ ಮೂರನೆಯದೊಂದು ಎಲೆ. ಅನ್ನ, ಸಾರು, ತುದಿಯಲ್ಲಿ ಒಂದು ಹಿಡಿ ಹುರಿಗಡಲೆ.

ಇದು ಯಾರದು ಎಂದು ಕೇಳಿದೆ.

"ಗುಡ್ಡದ್ ಮೇಲಿನ್ ನನ್ನೋನ್ದು ಕಣೋ," ಎಂದರು ಚಿಕ್ಕಪ್ಪ, ತಲೆ ಎತ್ತದೆ. "ಅವನಿಗೆ ಏನಿಷ್ಟ ಅಂತ ನಂಗೇನ್ ಗೊತ್ತು. ಜೇಬಲ್ಲಿ ಹುರಿಗಡ್ಲೆ ಇಟ್ಕೊಂಡಿದ್ದ."

ಧೂಪ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಹಿಮ್ಮಡಿ ಜೋಡಿಸಿ ಮೂರೂ ಎಲೆಗಳಿಗೆ ಸೇರಿಸಿ ಒಂದು ಸೆಲ್ಯೂಟ್ ಹೊಡೆದರು. ಆಮೇಲೆ ತುರ್ಕಿ ತಾತನ ಎಲೆಯ ಮುಂದೆ ತಾವೇ ಚಕ್ಕಂಬಕ್ಕಳ ಹಾಕಿ ಕೂತು, ಮೂರನೆಯದನ್ನು ಕಣ್ಣಿನಲ್ಲೇ ನನಗೆ ತೋರಿಸಿದರು. ಕೂತೆ. ಮೊದಲು ಹುರಿಗಡಲೆಯನ್ನೇ ಬಾಯಿಗೆ ಹಾಕಿಕೊಂಡೆ. ಒಂದು ಕಾಳೂ ಬಿಡಲಿಲ್ಲ.