ಗಾಜಿನ ಚೇಷ್ಟೆ

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಕುರಾಮೋಚಿಯವರಿಗೆ ಕತ್ತರಿ ಎಂದೇ ಅಡ್ಡಹೆಸರು. ಯಾವ ನಕ್ಷತ್ರದ ಬೆಳಕಿನ ರೋಹಿತ ಬಂದರೂ ಅದನ್ನು ಫೂರಿಯರ್ ಪರಿವರ್ತನೆ ಎಂಬ ಲೆಕ್ಕಕ್ಕೆ ಹಾಕಿ, ಅಲೆ ಅಲೆಯಾಗಿ ಬಿಡಿಸಿ, ಉಪಕರಣದ ಗಾಜಿನಿಂದ ಹುಟ್ಟಿದ ಕಳ್ಳ ಅಲೆಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಜೋಡಿಸಿಕೊಡುವುದು ಅವರ ಮೂವತ್ತು ವರ್ಷದ ಕಸುಬು. ಮನೆಯಲ್ಲಿ ಮಿಸೊ ಸಾರನ್ನೂ ಸೋಸಿಯೇ ಕುಡಿಯುತ್ತಾರೆಂದು ಕಿರಿಯರು ನಗುತ್ತಾರೆ. "ಈ ಅಲೆ ನಕ್ಷತ್ರದ್ದೇ ಇರ್ಬೋದು, ಸೆನ್ಸೇ" ಎಂದು ಶಿಷ್ಯರಲ್ಲಿ ಯಾರಾದರೂ ಗೋಗರೆದರೆ, "ಗಾಜಿನ ಚೇಷ್ಟೆ ಕಣಪ್ಪ, ನಕ್ಷತ್ರಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬರ್ಬೇಕು" ಎಂದು ಕತ್ತರಿಸಿಯೇಬಿಡುತ್ತಿದ್ದರು. ಹೋದ ಚಳಿಗಾಲದಿಂದ ಆ ಮಾತು ನಿಂತಿದೆ. ನಾಲ್ಕು ವರ್ಷದ ಹಿಂದೆ ಹಾಗೆ ಗೋಗರೆದು ಸೋತ ಸುಗಾವಾರ ಎಂಬಾಕೆ ಸಂಶೋಧನೆಯನ್ನೇ ಬಿಟ್ಟು ಬೆಟ್ಟದ ಬುಡದಲ್ಲಿ ಬೆಂತೊ ಎಂಬ ಊಟದ ಡಬ್ಬಿ ಮಾರುವ ಅಂಗಡಿ ಸೇರಿದ್ದಳು. ಆ ಚಳಿಗಾಲ ಅವಳ ನಕ್ಷತ್ರವನ್ನು ಕುರಾಮೋಚಿಯವರೊಬ್ಬರೇ ಹೊಸ ಉಪಕರಣದಲ್ಲಿ ನೋಡಿದಾಗ, ಬೇರೆ ಗಾಜಿನಲ್ಲೂ ಅದೇ ಅಲೆ ಬಂತು; ಅದು ಗಾಜಿನದಲ್ಲ, ನಕ್ಷತ್ರದ್ದೇ. ಈಗ ದಿನಾ ಮಧ್ಯಾಹ್ನ ಅದನ್ನು ಹೇಳಿಬಿಡಬೇಕೆಂದೇ ಇಳಿದು ಹೋಗುತ್ತಾರೆ. ಅನ್ನದ ಮೇಲೆ ಉಪ್ಪು ಹಾಕಿದ ಉಮೆ ಕಾಯಿ ಇಡುತ್ತ ಅವಳು, "ಅವತ್ತು ನೀವು ತಡೆದದ್ದೇ ಒಳ್ಳೇದಾಯ್ತು, ಸೆನ್ಸೇ. ಇಲ್ದಿದ್ರೆ ಇಲ್ಲದ್ದನ್ನೇ ಹುಡುಕ್ತಾ ಇರ್ತಿದ್ದೆ" ಎನ್ನುತ್ತಾಳೆ. ಅವರು ತಲೆ ಬಾಗಿಸಿ, ಡಬ್ಬಿ ತೆಗೆದುಕೊಂಡು, ಬೆಟ್ಟ ಹತ್ತುತ್ತಾರೆ.