ಗುಳಿಬಿದ್ದ ರೆಪ್ಪೆಗಳು, ಅಮ್ಮನ ತುತ್ತು

ನನ್ನ ಮುಖ ಕಂಡರೆ ನನಗೇ ವಾಕರಿಕೆ ಬರುತ್ತಿದ್ದ ತಿಂಗಳುಗಳ ಅನುಭವವನ್ನು ಸಹಭಕ್ತರಲ್ಲಿ ನಿವೇದಿಸುತ್ತಿದ್ದೇನೆ.

ಕಳೆದ ವರ್ಷ ಯುಗಾದಿಯ ತರುವಾಯ, ಇಳಿಬಿದ್ದ ಮೇಲ್ರೆಪ್ಪೆಗಳನ್ನು ಸರಿಪಡಿಸಿಕೊಳ್ಳಲು ಜಯನಗರದ ಒಂದು ಸೌಂದರ್ಯ ಚಿಕಿತ್ಸಾಲಯಕ್ಕೆ ಹೋದೆ. ಅಲ್ಲಿ ಚರ್ಮದೊಂದಿಗೆ ಕೊಬ್ಬನ್ನೂ ಅತಿಯಾಗಿ ತೆಗೆದರು. ಬಾವು ಇಳಿದ ಮೇಲೆ ಹುಬ್ಬಿನ ಕೆಳಗೆ ಉಳಿದದ್ದು ಎರಡು ಕಪ್ಪು ಗುಳಿಗಳು, ಹೆಣದ ಕಣ್ಣುಗಳು. ವಿಚಾರಿಸಿದಾಗ ಅಲ್ಲಿಯ ಯುವತಿ ಚೂಯಿಂಗ್ ಗಮ್ ಅಗಿಯುತ್ತ, “ಡೀಪ್ ಐಸ್ ಈಗ ಟ್ರೆಂಡ್ ಅಲ್ವಾ ಅಂಕಲ್, ಸೂಟ್ ಆಗ್ತಿದೆ” ಎಂದಳು.

ಸುಬ್ರಹ್ಮಣ್ಯಪುರದ ಮನೆಯಲ್ಲಿ ನಾನು ಮತ್ತು ನೆನಪು ಮಾಸಿದ ನನ್ನ ತಾಯಿ, ಇಬ್ಬರೇ. ಪಿತೃಪಕ್ಷದಲ್ಲಿ ತಂದೆಯವರ ಶ್ರಾದ್ಧ ನಡೆಸಿದೆ. ಮರುದಿನ (ದ್ವಾದಶಿ ಎಂದು ಮೊದಲು ಬರೆದಿದ್ದೆ, ಪಂಚಾಂಗ ನೋಡಿ ತ್ರಯೋದಶಿ ಎಂದು ತಿದ್ದಿದ್ದೇನೆ) ಅನ್ನ ಕಲಸಿ ಬಾಯಿಗಿಟ್ಟರೆ ಅಮ್ಮ ಮುಖ ತಿರುಗಿಸಿದರು.

“ಪಿಂಡ ಇಟ್ಟಾಯ್ತಲ್ಲ, ಇನ್ನೂ ಯಾಕೆ ಇಲ್ಲೇ ಇದ್ದೀರಿ? ಹೋಗಿ ಅಂದ್ರೆ.”

ಕೊನೆಗಾಲದಲ್ಲಿ ತಂದೆಯವರ ಕಣ್ಣುಗಳೂ ಹೀಗೇ ಗುಳಿಬಿದ್ದಿದ್ದವು. ಸತ್ತ ಗಂಡನ ಕೈಯಿಂದ ಉಣ್ಣಲು ಅಮ್ಮ ಸಿದ್ಧರಿರಲಿಲ್ಲ. ಅವರು ಉಗುಳಿದ ತುತ್ತನ್ನು ಅವರ ಸೀರೆಯ ಮೇಲಿಂದ ಒರೆಸುವಾಗ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಪಕ್ಕದ ಮನೆಯ ಸರೋಜಮ್ಮ ಬಂದು ಉಣಿಸಿದರೂ ನಾಲ್ಕು ಚಮಚ ಗಂಜಿಗಿಂತ ಹೆಚ್ಚು ಸೇರದೆ, ಅಮ್ಮ ಸೊರಗುತ್ತ ಬಂದರು.

ಜೆ.ಪಿ. ನಗರದ ಮತ್ತೊಬ್ಬ ಶಸ್ತ್ರವೈದ್ಯೆ ಪರೀಕ್ಷಿಸಿ, “ಒಳಗೆ ಕೊಬ್ಬು ಉಳಿದಿರೋ ಹಾಗೆ ಕಾಣಲ್ಲ ಸಾರ್. ಓಪನ್ ಮಾಡಿ ನೋಡ್ತೀನಿ, ಪ್ರಾಮಿಸ್ ಮಾಡಲ್ಲ” ಎಂದರು. ವಿಜಯದಶಮಿಯ ನಂತರದ ಮೊದಲ ಶುಕ್ರವಾರ ಬಸ್ಸು ಹಿಡಿದು ಬನಶಂಕರಿ ದೇವಸ್ಥಾನಕ್ಕೆ ಹೋದೆ. ರಾಹುಕಾಲದ ನಿಂಬೆದೀಪಗಳ ಕಮಟು ಹೊಗೆಯಲ್ಲಿ ನಿಂತು, ನನಗೆ ಚೆಲುವು ಬೇಡ, ಅಮ್ಮ ಉಣ್ಣಲಿ ಎಂದಷ್ಟೇ ಬೇಡಿದೆ.

ಶಸ್ತ್ರಚಿಕಿತ್ಸೆಯ ವೇಳೆ ರೆಪ್ಪೆಗಳನ್ನಷ್ಟೇ ಮರಗಟ್ಟಿಸಿದ್ದರು, ಎಚ್ಚರವಿತ್ತು. ರಕ್ತ ನಿಲ್ಲಿಸಲು ನನ್ನದೇ ಮಾಂಸ ಸುಡುವ ವಾಸನೆಯ ನಡುವೆ ವೈದ್ಯೆಯ ಮಾತು ಕೇಳಿಸಿತು: “ಸಿಸ್ಟರ್, ಇಲ್ನೋಡಿ. ಮೂಗಿನ ಪಕ್ಕದ ಕೊಬ್ಬನ್ನ ಅವರು ಮುಟ್ಟೇ ಇಲ್ಲ, ಹಿಂದಕ್ಕೆ ಸೇರ್ಕೊಂಡಿದೆ.” ಇನ್ನೊಂದು ಕಣ್ಣಿನಲ್ಲೂ ಹಾಗೆಯೇ ಇತ್ತು. ಅದನ್ನೇ ಬುಡ ಕಡಿಯದೆ ಸರಿಸಿ, ಗುಳಿಯೊಳಗೆ ಹಾಸಿ ಹೊಲಿದರು. ಮಲಗಿದಲ್ಲೇ ಕೈ ಮುಗಿದೆ. “ಕೈ ಎತ್ಬೇಡಿ ಸಾರ್, ಆಮೇಲೆ ಮುಗೀರಿ” ಎಂದು ಸಿಸ್ಟರ್ ಗದರಿದರು.

ಹೊಲಿಗೆ ಬಿಚ್ಚಿ, ಬಾವು ಇಳಿದ ಮೇಲೆ ತಟ್ಟೆ ಹಿಡಿದು ಅಮ್ಮನ ಮುಂದೆ ಕುಳಿತೆ. ಅಮ್ಮ ನನ್ನ ಕಣ್ಣುಗಳನ್ನೇ ದಿಟ್ಟಿಸಿದರು.

“ನಿಮ್ಮಪ್ಪ ಹೋದ್ರೇನೋ?”

“ಹೋದ್ರಮ್ಮ.”

“ಸದ್ಯ. ಉಪ್ಪಿನಕಾಯಿ ಎಲ್ಲಿ?”

ಆ ಚೂರು ಕೊಬ್ಬನ್ನು ಕತ್ತರಿಗೆ ಸಿಗದಂತೆ ಕಾದಿರಿಸಿದವಳು ತಾಯಿ ಬನಶಂಕರಿಯೇ ಎಂಬುದರಲ್ಲಿ ನನಗೀಗ ಸಂಶಯವಿಲ್ಲ. ಅಮ್ಮ ಉಣ್ಣುವ ಪ್ರತಿ ತುತ್ತಿಗೂ ಅವಳಿಗೆ ಋಣಿ. ಆ ಚಿಕಿತ್ಸಾಲಯದ ಮೇಲಿನ ಹೇಸಿಗೆ ಮಾತ್ರ ಹೋಗಿಲ್ಲ. ಅದನ್ನು ತೆಗೆಯೆಂದು ನಾನು ಬೇಡಿಯೂ ಇಲ್ಲ.